‘ಎಂಟೈಸ್’ಗೆ ‘ಆಮಿಷ’ ಅಂತ ಹಾಕಬಹುದಾ?

ತುಮಕೂರು_ಟೈಪಿಸ್ಟ್:
ವಕೀಲರ ಆಫೀಸಿನಲ್ಲಿ ಟೈಪಿಂಗ್, ಅನುವಾದ ನನ್ನ ಕೆಲಸ. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂನಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ‘ಟೇಕ್ಸ್ ಆರ್ ಎಂಟೈಸಸ್’ ಅಂತಿದೆ. ಹಳೆಯ ಐಪಿಸಿ 361ರಲ್ಲೂ ಇದೇ ಮಾತು. ಮೊದಲನೆಯದಕ್ಕೆ ‘ಕರೆದೊಯ್ದು’ ಅಂತ ಹಾಕಿದ್ದೇನೆ. ಎರಡನೆಯದಕ್ಕೆ ನಮ್ಮ ಸೀನಿಯರ್ ಸಾಹೇಬ್ರು, ‘ಆಮಿಷ ಒಡ್ಡಿ ಅಂತ ಹಾಕಮ್ಮ, ಮುಗೀತು’ ಅನ್ನುತ್ತಾರೆ. ನನಗೆ ಸಮಾಧಾನ ಇಲ್ಲ. ಆಮಿಷ ಅಂದರೆ ಚಾಕೊಲೇಟೋ ಮೊಬೈಲೋ ಏನಾದರೂ ತೋರಿಸಬೇಕು ಅಲ್ವಾ? ಬರೀ ಮಾತಿನಲ್ಲೇ ಮನಸ್ಸು ಕೆಡಿಸಿದ್ದರೆ? ಈ ಪದದ ಮೂಲ ಲ್ಯಾಟಿನ್ ಅಂತೆ. ಅಲ್ಲಿ ಏನರ್ಥ?

ಫ್ರೆಂಚ್_ಮೇಷ್ಟ್ರು:
ಬೆಂಕಿ! ಲ್ಯಾಟಿನ್‌ನಲ್ಲಿ ‘ಟಿಟಿಯೊ’ ಅಂದರೆ ಉರಿಯುವ ಕೊಳ್ಳಿ. ಅದರಿಂದ ಆಡುಮಾತಿನಲ್ಲಿ ‘ಇಂಟಿಟಿಯಾರೆ’, ಅಂದರೆ ಕೊಳ್ಳಿಯಿಂದ ಹೊತ್ತಿಸು ಅನ್ನುವ ಕ್ರಿಯಾಪದ ಇದ್ದಿರಬೇಕು ಅಂತ ಪಂಡಿತರ ಊಹೆ. ಅದು ಹಳೆಯ ಫ್ರೆಂಚ್ ಹಾದು, 13ನೇ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿತು. ಆಗ ಅರ್ಥ ಇನ್ನೂ ಖಾರ: ಕೆಟ್ಟ ಕೆಲಸಕ್ಕೆ ಎತ್ತಿಕಟ್ಟು. ಬೆಂಕಿ ಕೆದಕಿ ಉರಿಸುವುದಕ್ಕೆ ಫ್ರೆಂಚರು ಈಗಲೂ ‘ಅಟೀಜೆ’ ಅನ್ನುತ್ತಾರೆ. ಅದೂ ಇದೇ ಬಳಗದ್ದು. ನಿಮ್ಮ ‘ಆಮಿಷ’ಕ್ಕೆ ಸಂಸ್ಕೃತದಲ್ಲಿ ಮಾಂಸ ಅಂತ ಅರ್ಥ. ‘ನಿರಾಮಿಷ’ ಹೋಟೆಲು ನೋಡಿದ್ದೀರಲ್ಲ! ಎಂಟೈಸ್‌ನ ಮೂಲದಲ್ಲಿ ತಿನ್ನುವ ವಸ್ತು ಏನೂ ಇಲ್ಲ.

ಕರಿಕೋಟು:
ಮೇಷ್ಟ್ರೇ, ಚೆನ್ನಾಗಿದೆ. ಆದರೆ ಧಾತು ನೋಡಿ ಯಾವ ಕೋರ್ಟೂ ತೀರ್ಪು ಕೊಡುವುದಿಲ್ಲ. 1964ರಲ್ಲಿ ವರದರಾಜನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಬೇರೆಯದನ್ನು. 18ರ ಹತ್ತಿರದ ಕಾಲೇಜು ಹುಡುಗಿ ತಾನಾಗಿಯೇ ಮನೆ ಬಿಟ್ಟು ಬಂದಿದ್ದಳು. ಆರೋಪಿ ಸುಮ್ನೆ ಜೊತೆಗೆ ಹೋದರೆ ಅದು ‘ಟೇಕಿಂಗ್’ ಆಗುವುದಿಲ್ಲ, ಅವಳ ಮನಸ್ಸಿನಲ್ಲಿ ಆ ಯೋಚನೆ ಮೂಡಿಸುವುದರಲ್ಲಿ ಅವನ ಕೈವಾಡ ಇರಬೇಕು ಅಂತ ಹೇಳಿತು. ಹಾಗಾಗಿ ತಂಗಿ, ‘ಪುಸಲಾಯಿಸಿ’ ಅಂತ ಬರೆಯಿರಿ. ಮಾತು, ವಸ್ತು ಎರಡೂ ಅದರಲ್ಲಿ ಬರುತ್ತವೆ. ಪೊಲೀಸ್ ದೂರುಗಳಲ್ಲೂ ಅದೇ ರೂಢಿ. ಕೊಳ್ಳಿ ಗಿಳ್ಳಿ ಅಂತ ಹಾಕಿದರೆ ಮನೆಗೆ ಬೆಂಕಿ ಇಟ್ಟ ಕೇಸು ಅಂದುಕೊಂಡಾರು!

ತುಮಕೂರು_ಟೈಪಿಸ್ಟ್:
ಥ್ಯಾಂಕ್ಸ್ ಸರ್. ‘ಪುಸಲಾಯಿಸಿ’ ಅಂತಲೇ ಹಾಕಿದೆ. ಆದರೆ ನ್ಯಾಯ ಸಂಹಿತೆಯ 96ನೇ ಕಲಂನಲ್ಲಿ ‘ಇಂಡ್ಯೂಸಸ್’ ಅಂತಿದೆಯಲ್ಲ, ಅದಕ್ಕೂ ಇದೇನಾ?

ಫ್ರೆಂಚ್_ಮೇಷ್ಟ್ರು:
ಬೇಡ. ಅದು ಲ್ಯಾಟಿನ್‌ನ ‘ಡೂಕೆರೆ’ಯಿಂದ ಬಂದದ್ದು. ದಾರಿ ತೋರಿಸಿ ಕರೆದೊಯ್ಯು ಅಂತ ಅರ್ಥ. ‘ಪ್ರೇರೇಪಿಸಿ’ ಸಾಕು, ಕರಿಕೋಟು ಒಪ್ಪಿದರೆ.

ಕರಿಕೋಟು:
ಒಪ್ಪಿದೆ.