ಅವ್ವನ ಮೊಣಕಾಲು ನೋವಿಗೆ ಲೇಸರ್, ಯಾವ ಮಷಿನ್ ಸರಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಅವ್ವನ ಎರಡೂ ಮೊಣಕಾಲು ಸವೆದಿವೆ, ಬಲಗಾಲಿಗೆ ಬಾವು ಜಾಸ್ತಿ. ಕೆಳಗೆ ಕೂತು ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಹೆಜ್ಜೆ ಇಡುತ್ತಾಳೆ. ನೋಡೋಕೆ ಆಗಲ್ಲ.

ಮುಲಾಮು, ವ್ಯಾಯಾಮ ಎಲ್ಲ ನಡೆದಿದೆ. ವ್ಯಾಯಾಮದಿಂದ ಸ್ವಲ್ಪ ಅನುಕೂಲ ಆಯ್ತು. ಕಿಡ್ನಿ ವೀಕ್ ಇದೆ, ನೋವಿನ ಗುಳಿಗೆ ಬೇಡ ಅಂದಿದ್ದಾರೆ ಡಾಕ್ಟರ್. ಆಪರೇಷನ್ನಿಗೆ ಅವ್ವ ಒಪ್ಪುತ್ತಿಲ್ಲ.

ಈಗ ಲೇಸರ್ ಥೆರಪಿ (ಆಪರೇಷನ್ ಅಲ್ಲ, ನೋವಿರೋ ಜಾಗಕ್ಕೆ ಚರ್ಮದ ಮೇಲಿಂದ ಲೇಸರ್ ಬೆಳಕು ಕೊಡೋದು) ಮಾಡಿಸಿ ನೋಡಿ ಅಂದಿದ್ದಾರೆ. ಗೊಂದಲ ಇರೋದು ಇಲ್ಲೇ. ಒಂದು ಫಿಸಿಯೋಥೆರಪಿ ಸೆಂಟರಿನಲ್ಲಿ ಕ್ಲಾಸ್ 3ಬಿ ಮಷಿನ್ ಇದೆ. ಅದರ ಶಕ್ತಿ ಅರ್ಧ ವ್ಯಾಟ್ ಒಳಗೆ, ಬಿಸಿ ಅಷ್ಟಾಗಿ ಅನ್ನಿಸಲ್ಲ. ಇನ್ನೊಂದು ಕಡೆ ಕ್ಲಾಸ್ 4 ಇದೆ. ಅರ್ಧ ವ್ಯಾಟಿಗಿಂತ ಜಾಸ್ತಿ ಶಕ್ತಿ, ಚರ್ಮ ಬಿಸಿಯಾಗುತ್ತದೆ. ಒಂದೇ ಕಡೆ ಹಿಡಿದರೆ ಸುಡಬಹುದು, ಅದಕ್ಕೇ ಆಡಿಸುತ್ತಾ ಇರಬೇಕಂತೆ. "ಬಿಸಿ ಜಾಸ್ತಿ ಆದ್ರೆ ಪೇಷಂಟ್ ಹೇಳ್ತಾರಲ್ವಾ" ಅಂದರು ಅಲ್ಲಿಯವರು.

ಆದರೆ ಅವ್ವನಿಗೆ ಹಳೆ ಶುಗರ್, ಕಾಲು ಜೋಮು ಹಿಡಿದಿವೆ. ನಮ್ಮ ಕಡೆ ಬೇಸಿಗೆಯಲ್ಲಿ ಕಾದ ಪರ್ಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೂ ಅವಳಿಗೆ ಗೊತ್ತಾಗಲ್ಲ. ಮೊಣಕಾಲಿನ ಹತ್ತಿರ ಬಿಸಿ ಸರಿಯಾಗಿ ಗೊತ್ತಾಗುತ್ತೋ ಇಲ್ವೋ ಅಂತ ಯಾರೂ ಪರೀಕ್ಷೆ ಮಾಡಿಲ್ಲ.

ಇಲ್ಲಿ ಫಿಸಿಯೋಗಳು ಅಥವಾ ಮನೆಯವರಿಗೆ ಇದನ್ನು ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಶುಗರಿನಿಂದ ಕಾಲು ಜೋಮು ಹಿಡಿದವರಿಗೆ ಮೊಣಕಾಲಿಗೆ ಕ್ಲಾಸ್ 4 ಕೊಡಬಹುದಾ, ಅಥವಾ 3ಬಿ ಸಾಕಾ? ಶುರು ಮಾಡೋ ಮುಂಚೆ ಯಾವ ಪರೀಕ್ಷೆ ಮಾಡಿ ಅಂತ ನಾವು ಕೇಳಬೇಕು?