85 ದಾಟಿದರೆ ಹೊಯ್ದಾಡುವ ಹಳೆಯ ಸ್ಪೀಡ್ ಬೋಟು: ಅನುಭವವಿದ್ದವರು ತಿಳಿಸಿ

ಕೇಳಿದವರು, ರಾಜಾಜಿನಗರದಿಂದ:

ನಾನಿರುವುದು ಬೆಂಗಳೂರಿನಲ್ಲಿ, ನನ್ನ ಬೋಟು ಇರುವುದು ಮಂಗಳೂರಿನ ಫಲ್ಗುಣಿ ನದಿಯ ದಡದ ಒಂದು ಶೆಡ್ಡಿನಲ್ಲಿ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಹೋದರೆ ಹೆಚ್ಚು. ಹದಿನೆಂಟು ಅಡಿಯ, ವಿ ಆಕಾರದ ತಳದ ಫೈಬರ್ ಬೋಟು. ವಯಸ್ಸು ಮೂವತ್ತರ ಆಸುಪಾಸು, ನನ್ನ ಕೈಗೆ ಬಂದದ್ದು ಹೋದ ವರ್ಷ. ಹಿಂಬದಿಗೆ ಹೊರಗಿನಿಂದ ತೂಗುಹಾಕಿದ, 150 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಗಂಟೆಗೆ 70 ಕಿಲೋಮೀಟರ್‌ವರೆಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತದೆ. 85 ದಾಟಿತೆಂದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಭಾವ ಜೊತೆಗಿದ್ದರೆ ಇನ್ನೂ ಬೇಗ ಶುರುವಾಗುತ್ತದೆ. ಒಬ್ಬರು ಹಿಂಬದಿಯ ಕೆಳ ಅಂಚಿಗೆ ಕೂರಿಸುವ ಪುಟ್ಟ ತಗಡು, ಟ್ರಿಮ್ ಟ್ಯಾಬ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಅಲಗಿನ ಪ್ರೊಪೆಲ್ಲರ್ ಎನ್ನುತ್ತಾರೆ, ಮತ್ತೊಬ್ಬರು ಎಂಜಿನ್ನನ್ನು ಎತ್ತರಿಸುವ ಜ್ಯಾಕ್ ಪ್ಲೇಟ್ ಎನ್ನುತ್ತಾರೆ. ಒಂದು ಲಕ್ಷ ಎತ್ತಿಟ್ಟಿದ್ದೇನೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ವಿದ್ಯಾರಣ್ಯಪುರದಿಂದ ಒಬ್ಬರು:

ಸದ್ಯಕ್ಕೆ ಯಾವುದಕ್ಕೂ ಬೇಡ. ಇದೇ ಕಾಯಿಲೆಯ ಬೋಟೊಂದನ್ನು ನಾನು ಮಲ್ಪೆಯಲ್ಲಿ ಆರು ವರ್ಷ ಸಾಕಿದ್ದೆ. ಮೊದಲ ಎರಡು ವರ್ಷ ಅಂಗಡಿಯವರನ್ನು ಸಾಕಿದೆ ಎನ್ನುವುದೇ ಸರಿ.

ಮೊದಲು ಕಾಯಿಲೆಯ ಹೆಸರು ತಿಳಿಯಬೇಕು. ಮೂತಿ ಮೇಲೆ ಕೆಳಗೆ ಕುಪ್ಪಳಿಸುವುದು ಒಂದು ಬಗೆ. ಅದಕ್ಕೆ ಹಿಂಭಾಗದ ಭಾರವೋ ಅತಿಯಾದ ಟ್ರಿಮ್ಮೋ (ಎಂಜಿನ್ನನ್ನು ಹೊರಕ್ಕೆ ಓರೆ ಮಾಡುವುದು) ಕಾರಣ. ನಿಮ್ಮದು ಅದಲ್ಲ. ಅಡ್ಡಡ್ಡ ವಾಲುವುದನ್ನು ಚೈನ್ ವಾಕ್ ಎನ್ನುತ್ತಾರೆ. ಸರಪಳಿಗೂ ಇದಕ್ಕೂ ಸಂಬಂಧವಿಲ್ಲ. ತಳವೂ ಪಕ್ಕೆಯೂ ಸೇರುವ ಅಂಚಿಗೆ ಇಂಗ್ಲಿಷಿನಲ್ಲಿ ಚೈನ್ ಎಂದೇ ಹೆಸರು. ವೇಗ ಏರಿದಂತೆ ಬೋಟಿನ ಒಡಲು ನೀರಿನಿಂದ ಮೇಲೇಳುತ್ತದೆ. ಕೊನೆಗೆ ನೀರಿನಲ್ಲಿ ಉಳಿಯುವುದು ಹಿಂಬದಿಯ ತಳದ ನಡುವಿನ ಸಣ್ಣ ತುಂಡು ಮಾತ್ರ. ಕತ್ತಿಯ ಅಲಗಿನ ಮೇಲೆ ತಟ್ಟೆ ನಿಲ್ಲಿಸಿದ ಹಾಗೆ. ಒಂದು ಅಂಚಿಗೆ ವಾಲುತ್ತದೆ, ನೀರು ಅದನ್ನು ತಳ್ಳುತ್ತದೆ, ಇನ್ನೊಂದು ಅಂಚಿಗೆ ಬೀಳುತ್ತದೆ. ಆಳವಾದ ವಿ ತಳ ಅಲೆಯನ್ನು ಮೆತ್ತಗೆ ಸೀಳುತ್ತದೆ, ಅದಕ್ಕೆ ತೆರುವ ಬೆಲೆ ಇದು.

ಈಗ ಪರೀಕ್ಷೆ. ಬೋಟು ಟ್ರೇಲರ್ ಮೇಲಿರುವಾಗ ಒಬ್ಬರು ಎಂಜಿನ್ನಿನ ಕೆಳತುದಿಯ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಲಿ. ನೀವು ಸ್ಟೀರಿಂಗ್ ಚಕ್ರದ ಮೇಲೆ ಕಣ್ಣಿಡಿ. ಅಲ್ಲಿ ಎಂಜಿನ್ ಕದಲಿದರೂ ಇಲ್ಲಿ ಚಕ್ರ ಸುಮ್ಮನಿದ್ದರೆ ನಡುವೆ ಎಲ್ಲೋ ಪ್ಲೇ, ಅಂದರೆ ಸಡಿಲು, ಇದೆ. ನನ್ನದರಲ್ಲಿ ಮೂರು ಬೆರಳಿನಷ್ಟಿತ್ತು. ಕೇಬಲ್ಲಿನ ಕೊನೆ, ಎಂಜಿನ್ ತಿರುಗುವ ಗೂಟದ ಬುಷ್ಷು, ಮೌಂಟಿನ ರಬ್ಬರ್, ಮೂರೂ ಸವೆದಿದ್ದವು. ಬೋಟು ಎಡಕ್ಕೆ ವಾಲಿದಾಗ ನೀವು ಬಲಕ್ಕೆ ತಿರುಗಿಸುತ್ತೀರಿ. ಆ ಪ್ಲೇ ತುಂಬಿ ಎಂಜಿನ್ ತಿರುಗುವಷ್ಟರಲ್ಲಿ ಬೋಟು ತಾನೇ ಬಲಕ್ಕೆ ಬಂದಿರುತ್ತದೆ. ನಿಮ್ಮ ತಿದ್ದುಪಡಿ ಅದನ್ನು ಇನ್ನಷ್ಟು ತಳ್ಳುತ್ತದೆ. ಅಂದರೆ ಹೊಯ್ದಾಟವನ್ನು ಅರ್ಧ ಬೆಳೆಸುತ್ತಿರುವವರು ನೀವೇ. ನನಗೂ ಇದನ್ನು ಒಪ್ಪಿಕೊಳ್ಳಲು ಒಂದು ವರ್ಷ ಬೇಕಾಯಿತು.

ಬುಷ್ಷು, ರಬ್ಬರ್ ಬದಲಿಸಿದ ಮೇಲೆ ಒಂಟಿ ಕೇಬಲ್ ತೆಗೆದು ಜೋಡಿ ಕೇಬಲ್ ಅಥವಾ ಹೈಡ್ರಾಲಿಕ್ ಸ್ಟೀರಿಂಗ್ ಹಾಕಿಸಿ. ನಿಮ್ಮ ಲಕ್ಷದಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಹೈಡ್ರಾಲಿಕ್ ಆದರೆ ಕೊಳವೆಯಲ್ಲಿ ಗಾಳಿ ಉಳಿಯದಂತೆ ಪೂರ್ತಿ ತೆಗೆಸಬೇಕು, ಇಲ್ಲದಿದ್ದರೆ ಚಕ್ರ ಸ್ಪಂಜಿನಂತೆ ಮೆತ್ತಗಾಗುತ್ತದೆ, ಹೊಸ ಹಣಕ್ಕೆ ಹಳೆಯ ಪ್ಲೇ.

ಇನ್ನು ನಿಮ್ಮ ಭಾವನವರ ವಿಚಾರ. ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಅದರ ಪ್ರತಿಬಲಕ್ಕೆ ಬೋಟು ಎಡಕ್ಕೆ ವಾಲುತ್ತದೆ. ಚಾಲಕ ಬಲಗಡೆ ಕೂರುವುದರಿಂದ ಅದು ಅಷ್ಟಿಷ್ಟು ಸರಿದೂಗುತ್ತದೆ. ಭಾವ ಎಡಗಡೆ ಕೂತರೆ ಆ ಲೆಕ್ಕ ತಪ್ಪುತ್ತದೆ. ಬ್ಯಾಟರಿ ಎಡಗಡೆಯ ಹಿಂಮೂಲೆಯಲ್ಲಿದ್ದರೆ ಅದನ್ನೂ ಬಲಕ್ಕೆ, ಸಾಧ್ಯವಾದಷ್ಟು ಮುಂದಕ್ಕೆ ಸಾಗಿಸಿ. ದುಡ್ಡು ಖರ್ಚಿಲ್ಲದ ಕೆಲಸ.

ಪೀಣ್ಯದಲ್ಲಿ ಫೈಬರ್ ಕೆಲಸ ಮಾಡುವವರು:

ಮೇಲಿನವರು ಹೇಳಿದ್ದು ಸರಿ, ಆದರೆ ಅವರಿಗೂ ಮೊದಲು ನಾನು ಬರಬೇಕಿತ್ತು. ಮೂವತ್ತು ವರ್ಷದ ಬೋಟಿನಲ್ಲಿ ಎಂಜಿನ್ ನೇತಾಡುವ ಹಿಂಬದಿಯ ಗೋಡೆಯ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆಯುತ್ತದೆ, ಹೊರಗಿನ ಹೊಳಪು ಹಾಗೇ ಇರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲ ಅಂಗುಲ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಕಲ್ಲಂಗಡಿಯ ಹಾಗೆ ದೊಬ್ ಎನ್ನುತ್ತದೆ. ಎಂಜಿನ್ನಿನ ಕೆಳಭಾಗದ ಮೇಲೆ ಮೆಲ್ಲನೆ ಭಾರ ಬಿಟ್ಟು ನೋಡಿ, ಗೋಡೆ ಬಾಗಿದರೆ ಅನುಮಾನವೇ ಬೇಡ. ಅಂಥ ಗೋಡೆಗೆ ಜ್ಯಾಕ್ ಪ್ಲೇಟ್ ಬಿಗಿದರೆ ಎಂಜಿನ್ ಇನ್ನಷ್ಟು ಹಿಂದಕ್ಕೆ ಹೋಗಿ ಸನ್ನೆಗೋಲಿನಂತೆ ಎಳೆಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಎರಡನೆಯದು ತಳ. ಗಾರೆಯವರ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತನ್ನಿ. ತಳದ ಕೊನೆಯ ನಾಲ್ಕೈದು ಅಡಿಗೆ, ನಡುಗೆರೆಯ ಎರಡೂ ಪಕ್ಕದಲ್ಲಿ, ಉದ್ದಕ್ಕೆ ಹಿಡಿಯಿರಿ. ಅಲ್ಲಿ ತಳ ನೇರವಾಗಿರಬೇಕು. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ ಎಂದರ್ಥ, ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಪಟ್ಟಿ ತೊಟ್ಟಿಲಂತೆ ಹಿಂದೆ ಮುಂದೆ ಆಡಿದರೆ ಹೊರಕ್ಕೆ ಉಬ್ಬಿದೆ, ಕುಪ್ಪಳಿಸುವುದಕ್ಕೆ ಅದೂ ಒಂದು ಕಾರಣ. ಎಡಕ್ಕೂ ಬಲಕ್ಕೂ ಅಳತೆ ಬೇರೆಯಾದರೆ ವೇಗದಲ್ಲಿ ಒಂದೇ ಕಡೆಗೆ ವಾಲುತ್ತದೆ. ಟ್ರೇಲರಿನ ಆಧಾರದ ಹಲಗೆಗಳು ಗಿಡ್ಡವಿದ್ದು, ಬೋಟಿನ ಹಿಂಭಾಗ ವರ್ಷಗಟ್ಟಲೆ ಹೊರಗೆ ಜೋತರೆ ತಳ ಸೊಟ್ಟಗಾಗುತ್ತದೆ. ಹಲಗೆ ಉದ್ದ ಮಾಡಿಸದೆ ತಳ ತಿದ್ದಿಸಿದರೆ ಮತ್ತೆ ನನ್ನ ಬಳಿಯೇ ಬರುತ್ತೀರಿ. ನನಗೇನು ಬೇಸರವಿಲ್ಲ.

ಟ್ರೇಲರ್ ಸಮೇತ ಲಾರಿ ತೂಗುವ ವೇಬ್ರಿಜ್ಜಿಗೂ ಒಮ್ಮೆ ಒಯ್ಯಿರಿ. ನೆಲದಡಿಯ ಫೋಮ್ ನೀರು ಕುಡಿದಿದ್ದರೆ ನೀವು ಕಾಣದ ಇಬ್ಬರು ಪ್ರಯಾಣಿಕರನ್ನು ಹೊತ್ತು ಓಡಾಡುತ್ತಿರುತ್ತೀರಿ.

ಜಯನಗರದಿಂದ, ಪ್ರೊಪೆಲ್ಲರ್ ಬಗ್ಗೆ ಮಾತ್ರ:

ಖರೀದಿಗೆ ಮುನ್ನ ಲೆಕ್ಕ ಹಾಕಿ. ಎಂಜಿನ್ನಿನ ಆರ್‌ಪಿಎಂ, ಪ್ರೊಪೆಲ್ಲರ್ ಪಿಚ್ಚಿನ (ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರದ) ಅಂಗುಲ, ಇವೆರಡನ್ನೂ ಗುಣಿಸಿ 0.001524ರಿಂದ ಮತ್ತೆ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ. 5500 ಆರ್‌ಪಿಎಂ, 23 ಅಂಗುಲ, 1.87 ಅನುಪಾತ ಇದ್ದರೆ ಗಂಟೆಗೆ 103 ಕಿಲೋಮೀಟರ್ ಬರುತ್ತದೆ. ಇದು ಜಾರದೆ ಹೋದರೆ ಸಿಗುವ ವೇಗ. ಜಿಪಿಎಸ್ 92 ತೋರಿಸಿದರೆ ಜಾರಿಕೆ ಶೇಕಡಾ 11ರ ಹತ್ತಿರ, ಚಿಂತೆಯಿಲ್ಲ. 80 ತೋರಿಸಿದರೆ ಅಲಗು ಬಾಗಿರಬಹುದು, ಇಲ್ಲವೇ ಎಂಜಿನ್ ತೀರಾ ಮೇಲಿರಬಹುದು. ನಾಲ್ಕು ಅಲಗಿನದು ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಹೊಯ್ದಾಟ ಕಡಿಮೆಯಾಗುತ್ತದೆ, ತುದಿವೇಗದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ. ಎಂಜಿನ್ ಎತ್ತರವನ್ನು ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ಹೆಚ್ಚು ಬದಲಿಸಬೇಡಿ, ಎಂಜಿನ್ ತಂಪಾಗಿಸುವ ನೀರಿನ ಒತ್ತಡದ ಮಾಪಕ ನೋಡುತ್ತಿರಿ. ಟ್ರಿಮ್ ಟ್ಯಾಬ್ ಕುಪ್ಪಳಿಸುವುದಕ್ಕೆ ಮದ್ದು. ನಿಮ್ಮ ಕಾಯಿಲೆಗೆ ಅದನ್ನು ನಾನು ಹಾಕಿಸುವುದಿಲ್ಲ.

ಉಳ್ಳಾಲದವರು, ಈಗ ಯಲಹಂಕದಲ್ಲಿ:

ಎಲ್ಲರೂ ಬೋಟು ರಿಪೇರಿ ಮಾಡಿದಿರಿ, ಓಡಿಸುವವನನ್ನು ಯಾರೂ ಮುಟ್ಟಲಿಲ್ಲ. ಹೊಯ್ದಾಟ ಶುರುವಾದಾಗ ಥ್ರಾಟಲನ್ನು ತಟ್ಟನೆ ಬಿಡಬೇಡಿ. ಮೂತಿ ಧೊಪ್ಪನೆ ನೀರಿಗೆ ಕಚ್ಚಿ ಬೋಟು ಅಡ್ಡ ತಿರುಗುತ್ತದೆ. ಟ್ರಿಮ್ಮನ್ನು ತುಸು ಇಳಿಸಿ, ಥ್ರಾಟಲನ್ನು ಮೆಲ್ಲಗೆ ಹಿಂದಕ್ಕೆ ತನ್ನಿ. ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ ಸದಾ ನಿಮ್ಮ ಮೈಗೆ ಸಿಕ್ಕಿಸಿರಲಿ, ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಮೀನುಗಾರರು ಬಲೆ ಬಿಟ್ಟಿರುವ ಕಡೆ ಈ ವೇಗದ ಪರೀಕ್ಷೆ ಮಾಡಲೇಬೇಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ಬೋಟುಗಳೇ ನಿಷೇಧದಿಂದಾಗಿ 61 ದಿನ ದಡದಲ್ಲಿರುತ್ತವೆ. ನಿಮ್ಮದನ್ನೂ ಆಗಲೇ ಬಿಚ್ಚಿಸಿ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ನಮಸ್ಕಾರ. ಮೊನ್ನೆ ಹೋಗಿದ್ದೆ. ಭಾವ ಎಂಜಿನ್ ಅಲುಗಿಸಿದರು, ನಾನು ಚಕ್ರ ನೋಡಿದೆ. ನಾಲ್ಕು ಬೆರಳಿನಷ್ಟು ಪ್ಲೇ! ಸುತ್ತಿಗೆ ಎಲ್ಲ ಕಡೆ ಟಣ್ ಎಂದಿತು, ಎಡಗಡೆಯ ಕೆಳ ಬೋಲ್ಟಿನ ಸುತ್ತ ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ ಕಲ್ಲಂಗಡಿ. ತಳ ನೇರವಾಗಿದೆ. ಜ್ಯಾಕ್ ಪ್ಲೇಟಿನ ಮುಂಗಡ ವಾಪಸ್ ಕೇಳಿದ್ದೇನೆ. ಮೊದಲು ಗೋಡೆ, ಆಮೇಲೆ ಹೈಡ್ರಾಲಿಕ್ ಸ್ಟೀರಿಂಗ್. ಪ್ರೊಪೆಲ್ಲರ್ ಮುಂದಿನ ವರ್ಷಕ್ಕೆ.

ತೂಕ ಬಲಗಡೆ ಇದ್ದರೆ ಒಳ್ಳೆಯದಂತೆ ಎಂದು ಭಾವನಿಗೆ ಹೇಳಿದೆ. "ಹಾಗಾದರೆ ಸ್ಟೀರಿಂಗ್ ಈ ಕಡೆ ಕೊಡಿ" ಎಂದರು.