ಎಕ್ಸ್‌ರೇ ನಾರ್ಮಲ್, ಈಗ ಸಿಟಿ ಸ್ಕ್ಯಾನ್ ಮಾಡಿಸ್ಲೇಬೇಕಾ?

ಮೂಡಿಗೆರೆ_ಮಗಳು: ಅಮ್ಮಂಗೆ ಎರಡು ತಿಂಗ್ಳಿಂದ ಕೆಮ್ಮು, ನಾಕು ಮೆಟ್ಲು ಹತ್ತಿದ್ರೆ ಏದುಸಿರು. ಬೀಡಿ ಗೀಡಿ ಮುಟ್ಟಿದೋರಲ್ಲ, ಆದ್ರೆ ಮದ್ವೆ ಆದಾಗ್ನಿಂದ ಸೌದೆ ಒಲೆ. ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು, ಈಗ ಸಿಟಿ ಬರ್ದಿದಾರೆ. ಮಾಡಿಸ್ಲಾ?

ಗಿರಿ_ಕಾಫಿ: ಮಾಡಿಸ್ಬಿಡಿ. ದುಡ್ಡು ಹೋದ್ರೆ ಹೋಗ್ಲಿ, ಎಲ್ಲಾ ಗೊತ್ತಾಗುತ್ತೆ.

ಪಿಎಫ್‌ಟಿ_ಲ್ಯಾಬ್: ಎಲ್ಲಾ ಗೊತ್ತಾಗಲ್ಲ ಸಾರ್. ಸಿಟಿ ಶ್ವಾಸಕೋಶದ ಫೋಟೋ ಕೊಡುತ್ತೆ, ಗಾಳಿ ಎಷ್ಟು ಬೇಗ ಹೊರಗೆ ಬರ್ತಿದೆ ಅಂತ ಹೇಳಲ್ಲ. ಒಲೆ ಹೊಗೆಯಿಂದ್ಲೂ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗೋ ಕಾಯಿಲೆ ಬರುತ್ತೆ, ಅದನ್ನ ಹಿಡಿಯೋದು ಸ್ಪೈರೊಮೆಟ್ರಿ ಅನ್ನೋ ಊದೋ ಟೆಸ್ಟ್. ಪೂರ್ತಿ ಉಸ್ರು ಎಳ್ಕೊಂಡು ಜೋರಾಗಿ ಊದ್ಬೇಕು, ಆಮೇಲೆ ಇನ್ಹೇಲರ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸ್ತಾರೆ. ಊದಿದ ಒಟ್ಟು ಗಾಳೀಲಿ ಮೊದಲ 1 ಸೆಕೆಂಡಲ್ಲಿ ಬಂದಿದ್ದು ಆಗ್ಲೂ 70% ಗಿಂತ ಕಮ್ಮಿ ಇದ್ರೆ ದಾರಿ ಕಟ್ಟಿದೆ ಅಂತ. ಇಷ್ಟು ಸುಲಭದ ಟೆಸ್ಟ್ ಬಿಟ್ಟು ನೇರ ಸ್ಕ್ಯಾನಿಗೆ ಕಳ್ಸೋದು ನಂಗೆ ಸರಿ ಅನ್ಸಲ್ಲ.

ತುಂಗೆ_ತೀರ: ಒಪ್ಪಲ್ಲ. ನಮ್ಮಪ್ಪಂಗೆ ಊದೋ ಟೆಸ್ಟ್ ನಾರ್ಮಲ್ ಅಂತ ಕಳ್ಸಿದ್ರು, ಒಣಕೆಮ್ಮು ನಿಲ್ಲಲೇ ಇಲ್ಲ, ಕೊನೆಗೆ ಎಚ್‌ಆರ್‌ಸಿಟಿ ಅಂತ ಇನ್ನೂ ಸೂಕ್ಷ್ಮವಾಗಿ ತೋರ್ಸೋ ಸಿಟೀಲೇ ಶ್ವಾಸಕೋಶ ನಾರುಗಟ್ಟಿರೋದು ಕಂಡಿದ್ದು. ಅಷ್ಟು ತಿಂಗ್ಳು ಹಾಳಾಯ್ತಲ್ಲ, ಅದನ್ನ ಯಾರು ಕೊಡ್ತಾರೆ?

ಪಿಎಫ್‌ಟಿ_ಲ್ಯಾಬ್: ನೀವು ಹೇಳೋದು ನಿಜ, ಶುರುವಲ್ಲಿ ಆ ಕಾಯಿಲೆ ಊದೋದ್ರಲ್ಲಿ ತಪ್ಪಿಸ್ಕೊಳುತ್ತೆ. ಅದ್ಕೇ ಡಿಎಲ್‌ಸಿಒ ಅಂತ ಇನ್ನೊಂದು ಇದೆ, ಆಕ್ಸಿಜನ್ ರಕ್ತಕ್ಕೆ ದಾಟೋ ಶಕ್ತಿ ಅಳೆಯೋದು, ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತೆ. ನಾನು ಸಿಟಿ ಬೇಡ ಅಂತಿಲ್ಲ, ಅದೊಂದೇ ಸಾಕು ಅನ್ನೋದಕ್ಕೆ ನನ್ನ ತಕರಾರು.

ಆಶಾ_ಅಕ್ಕ: ಇಬ್ರೂ ಸ್ವಲ್ಪ ತಡೀರಿ. ಎರಡು ವಾರ ದಾಟಿದ ಕೆಮ್ಮು ಅಂದ್ರೆ ಮೊದ್ಲು ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೇಲಿ ಫ್ರೀ. ಎಕ್ಸ್‌ರೇ ಚೆನ್ನಾಗಿದೆ ಅಂತ ಟಿಬಿ ಇಲ್ಲ ಅಂತ ಕೂರೋಕಾಗಲ್ಲ. ಟಿಬಿ ಅನುಮಾನ ಇರೋವಾಗ ಊದೋ ಮಿಷಿನ್ ಮುಂದೆ ಕೂರಿಸ್ಲೂಬಾರ್ದು, ಕೆಮ್ಮಿದ್ರೆ ಅಲ್ಲಿರೋರಿಗೂ ಹರಡುತ್ತೆ.

ಪಿಎಫ್‌ಟಿ_ಲ್ಯಾಬ್: ನೂರಕ್ಕೆ ನೂರು, ಕಫ ಮೊದ್ಲು.

ಗಿರಿ_ಕಾಫಿ: ಆಮೇಲೆ ಬ್ರಾಂಕೋಸ್ಕೋಪಿ ಅಂತ ಶ್ವಾಸಕೋಶದೊಳಗೆ ಪೈಪ್ ಇಳಿಸ್ತಾರಂತಲ್ಲ, ಅದಕ್ಕೇ ನಮ್ಮೂರೋರು ಆಸ್ಪತ್ರೆಗೆ ಹೋಗೋಕೆ ಹೆದ್ರೋದು.

ಆಶಾ_ಅಕ್ಕ: ಅದು ಎಲ್ರಿಗೂ ಮಾಡಲ್ಲಪ್ಪ. ಗಡ್ಡೆ ಅನುಮಾನ, ಕಫದಲ್ಲಿ ರಕ್ತ, ಅಂಥದ್ದಕ್ಕೆ. ಗಂಟಲು ಮರಗಟ್ಟಿಸೇ ಮಾಡೋದು. ಸುಮ್ನೆ ಹೆದರಿಸ್ಬೇಡಿ.

ಮೂಡಿಗೆರೆ_ಮಗಳು: ಸರಿ, ನಾಳೇನೇ ಕಫ ಕೊಡಿಸ್ತೀನಿ. ಆಮೇಲೆ ಊದೋ ಟೆಸ್ಟಿಗೆ ಖಾಲಿ ಹೊಟ್ಟೇಲಿ ಹೋಗ್ಬೇಕಾ?

ಪಿಎಫ್‌ಟಿ_ಲ್ಯಾಬ್: ಬೇಡ, ಹೊಟ್ಟೆ ಬಿರಿಯ ತಿನ್ಬಾರ್ದು ಅಷ್ಟೆ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ರೆ, ಹಾರ್ಟ್ ಪ್ರಾಬ್ಲಂ ಇದ್ರೆ ಮೊದ್ಲೇ ಹೇಳ್ಬಿಡಿ. ಕಫ ಕೊಡೋವಾಗ ಎಂಜಲಲ್ಲ, ಎದೆಯಿಂದ ಕೆಮ್ಮಿ ತೆಗೆದಿದ್ದು ಬೇಕು, ಅಮ್ಮಂಗೆ ಬಿಡಿಸಿ ಹೇಳಿ.